ಅಕ್ಕಿಯಾ, ದುಡ್ಡಾ, ಫ್ರೀ ಬಸ್ಸಾ? ನಮ್ಮ ಕರಾವಳಿಗೆ ಯಾವುದು ಹೊಂದುತ್ತದೆ ಅಂತ ನೋಡುವ ಬಗೆ

2023ರ ಜುಲೈಯಲ್ಲಿ ರಾಜ್ಯ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ದುಡ್ಡು ಹಾಕಲು ಶುರು ಮಾಡಿತಲ್ಲ, ಆಗ ಕಾರ್ಕಳದ ಹತ್ತಿರ ನಮ್ಮ ಅಮ್ಮನ ಮನೆಯ ಜಗಲಿಯಲ್ಲಿ ಅದೇ ಮಾತು. ಕೆಜಿಗೆ 34 ರೂಪಾಯಿ, ತಲೆಗೆ ತಿಂಗಳಿಗೆ 170. ಅಮ್ಮನಿಗೆ ಖುಷಿ. ರೇಷನ್ ಕೊಡುವ ಸೊಸೈಟಿಯಲ್ಲಿ ಸಿಗುವುದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ನಮಗೆ ಊಟಕ್ಕೆ ಬೇಕಾದ್ದು ಭತ್ತ ಬೇಯಿಸಿ ಮಾಡುವ ಕುಚ್ಚಲಕ್ಕಿ. ದುಡ್ಡು ಬಂದರೆ ಬೇಕಾದ ಅಕ್ಕಿ ತರಬಹುದು ಅಂತ ಅವರ ಲೆಕ್ಕ. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅಕ್ಕ ಮಾತ್ರ ಒಪ್ಪಲೇ ಇಲ್ಲ. "ಖಾತೆ ನನ್ನ ಹೆಸರಲ್ಲಿ ಉಂಟು, ಎಟಿಎಂ ಕಾರ್ಡ್ ಅವರ ಹತ್ತಿರ ಉಂಟು. ಅಕ್ಕಿಯಾದರೆ ಸೀದಾ ಅಡುಗೆ ಕೋಣೆಗೆ ಬರ್ತದೆ" ಅಂದರು.

ನಾನು ಉಡುಪಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಬೋರ್ಡಿನ ಮೇಲೆ ಎರಡು ಗೆರೆ ಎಳೆದು "ದುಡ್ಡೇ ಮೇಲು" ಅಂತ ಹತ್ತು ನಿಮಿಷದಲ್ಲಿ ತೋರಿಸಿಬಿಡುವ ಪಾಠ ಇದು. ಅಕ್ಕಿ ಕೊಟ್ಟರೆ ಅಕ್ಕಿ ಮಾತ್ರ, ದುಡ್ಡು ಕೊಟ್ಟರೆ ಅಕ್ಕಿಯೂ ಆಗುತ್ತದೆ, ಔಷಧಿಯೂ ಆಗುತ್ತದೆ, ಆದ್ದರಿಂದ ದುಡ್ಡು ಸಿಕ್ಕಿದವನಿಗೆ ಆಯ್ಕೆ ಜಾಸ್ತಿ. ಗೆರೆಯಲ್ಲಿ ತಪ್ಪಿಲ್ಲ. ಆದರೆ ಆ ಜಗಲಿಯಲ್ಲಿ ಕೂತು ಎದ್ದ ಮೇಲೆ ಆ ಪಾಠವನ್ನು ಅಲ್ಲಿಗೇ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಅಮ್ಮ ಹೇಳಿದ್ದೂ ಸರಿ, ಆ ಅಕ್ಕ ಹೇಳಿದ್ದೂ ಸರಿ. ಎರಡು ಮನೆಗೆ ಎರಡು ಉತ್ತರ. ಹಾಗಾದರೆ ಊರಿಗೆ ಯಾವುದು, ಜಿಲ್ಲೆಗೆ ಯಾವುದು, ರಾಜ್ಯಕ್ಕೆ ಯಾವುದು ಅಂತ ಆರಿಸುವುದು ಹೇಗೆ? ಗ್ರಾಮಸಭೆಗೆ ಹೋಗುವವರು, ಸ್ವಸಹಾಯ ಸಂಘದಲ್ಲಿ ಮಾತಾಡುವವರು, ಸುಮ್ನೆ ವೋಟು ಹಾಕಿ ಬರುವವರು ಎಲ್ಲರೂ ಈ ಪ್ರಶ್ನೆಗೆ ಒಂದಲ್ಲ ಒಂದು ದಿನ ಉತ್ತರ ಕೊಡಬೇಕಾಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮುಂದೆ ಏನೇನಿದೆ ನೋಡೋಣ. ವಸ್ತು ಕೊಡುವುದು, ಅಂದರೆ ರೇಷನ್. ದುಡ್ಡು ಕೊಡುವುದು, ಅಂದರೆ ಗೃಹಲಕ್ಷ್ಮಿಯ 2000 ರೂಪಾಯಿ, ವೃದ್ಧಾಪ್ಯ ಪಿಂಚಣಿ. ಸೇವೆ ಕೊಡುವುದು, ಅಂದರೆ ಶಕ್ತಿ ಯೋಜನೆಯ ಬಸ್ಸು, ಗೃಹಜ್ಯೋತಿಯ ಕರೆಂಟು. ಕೆಲಸ ಕೊಡುವುದು, ಅಂದರೆ ಉದ್ಯೋಗ ಖಾತ್ರಿ. ಬಡ ದೇಶಗಳು, ಮಧ್ಯಮ ದೇಶಗಳು ಎಲ್ಲವೂ ಇದೇ ನಾಲ್ಕರಲ್ಲಿ ತಿರುಗಿ ತಿರುಗಿ ಆರಿಸುತ್ತಿವೆ. ಮೆಕ್ಸಿಕೊ 1997ರಲ್ಲಿ ದುಡ್ಡಿನ ಕಡೆ ಹೋಯಿತು. ಬ್ರೆಜಿಲ್ 2003ರಲ್ಲಿ ಬೋಲ್ಸಾ ಫಮೀಲಿಯಾ ಶುರು ಮಾಡಿತು. ಈಜಿಪ್ಟ್ ರೊಟ್ಟಿಯನ್ನೇ ಹಿಡಿದುಕೊಂಡು ಕೂತಿದೆ. ನಾವು ನಾಲ್ಕನ್ನೂ ಒಟ್ಟಿಗೆ ಮಾಡುತ್ತಿದ್ದೇವೆ.

ಅಕ್ಕಿ ಮತ್ತು ದುಡ್ಡು

ಇದರಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಗೊಂದಲ ಇರುವುದೇ ಇಲ್ಲಿ.

ಮೊದಲು ಕೇಳಬೇಕಾದ್ದು, ಅಂಗಡಿ ಎಷ್ಟು ದೂರ ಉಂಟು? ಮಂಗಳೂರಿನ ಬಂದರಿನಲ್ಲೋ ಉಡುಪಿಯ ಪೇಟೆಯಲ್ಲೋ ಇರುವ ಮನೆಗೆ ನೂರು ಹೆಜ್ಜೆಯಲ್ಲಿ ಐದು ಅಂಗಡಿ. ಒಬ್ಬ ಬೆಲೆ ಏರಿಸಿದರೆ ಇನ್ನೊಬ್ಬನ ಹತ್ತಿರ ಹೋಗಬಹುದು. ಅಲ್ಲಿ ದುಡ್ಡು ಕೊಟ್ಟರೆ ಅದು ಪೂರ್ತಿ ದುಡ್ಡಾಗಿಯೇ ಉಳಿಯುತ್ತದೆ. ಬೆಳ್ತಂಗಡಿಯ ಘಟ್ಟದ ಬುಡದ ಮಲೆಕುಡಿಯರ ಮನೆಗಳ ಕಡೆ ಹೋಗಿ ನೋಡಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪೇಟೆಗೆ ಇಳಿಯುವುದೇ ಕಷ್ಟ, ಇರುವುದು ಒಂದೇ ಅಂಗಡಿ. ಅಲ್ಲಿ ಎಲ್ಲರ ಕೈಗೂ ಒಂದೇ ದಿನ ದುಡ್ಡು ಬಂದರೆ ಏನಾಗುತ್ತದೆ ಹೇಳಿ?

ಇದನ್ನು ಮೆಕ್ಸಿಕೊದಲ್ಲಿ ನಿಜವಾಗಿಯೂ ಪರೀಕ್ಷೆ ಮಾಡಿ ನೋಡಿದ್ದಾರೆ. 2003ರ ನಂತರ ಅಲ್ಲಿನ ದಕ್ಷಿಣದ ಬಡ ಹಳ್ಳಿಗಳಲ್ಲಿ ಕೆಲವು ಊರಿಗೆ ಪ್ರತಿ ತಿಂಗಳು ಆಹಾರದ ಪೆಟ್ಟಿಗೆ ಕೊಟ್ಟರು, ಕೆಲವು ಊರಿಗೆ ದುಡ್ಡು. ಪೆಟ್ಟಿಗೆ ಬಂದ ಊರಲ್ಲಿ ಅಂಗಡಿಯ ಬೆಲೆ ಇಳಿಯಿತು, ಯಾಕೆಂದರೆ ಊರಿಗೆ ಸಾಮಾನು ಹೊರಗಿನಿಂದ ಬಂದು ಬಿತ್ತು. ದುಡ್ಡು ಬಂದ ಊರಲ್ಲಿ ಬೆಲೆ ಹಾಗೆ ಇಳಿಯಲಿಲ್ಲ. ಈ ವ್ಯತ್ಯಾಸ ಜಾಸ್ತಿ ಕಂಡದ್ದು ದೂರದ, ದಾರಿ ಇಲ್ಲದ ಊರುಗಳಲ್ಲಿ. ಅಂದರೆ ಅಕ್ಕಿ ಕೊಟ್ಟಾಗ ಪಡೆಯುವವರಿಗೆ ಅಕ್ಕಿ ಸಿಗುವುದಲ್ಲದೆ, ಪಟ್ಟಿಯಲ್ಲಿ ಇಲ್ಲದ ಬಡವನಿಗೂ ಅಂಗಡಿಯಲ್ಲಿ ಬೆಲೆ ಸ್ವಲ್ಪ ಕಡಿಮೆಯಾಗುತ್ತದೆ. ಅದೇ ಪ್ರಯೋಗದಲ್ಲಿ ಇನ್ನೊಂದೂ ಗೊತ್ತಾಯಿತು. ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರಿಗೂ ಅದೇ ಕಂಡಿದೆ. ನಮ್ಮಲ್ಲಿ ಈ ಮಾತನ್ನು ತುಂಬಾ ಸಲೀಸಾಗಿ ಆಡುತ್ತಾರೆ. ಬಡವರ ಬಗ್ಗೆ ಹಾಗೆ ಆಡುವುದು ನನಗೆ ನೋವು ಕೊಡುತ್ತದೆ.

ಎರಡನೆಯದು, ಬೆಲೆ ಏರಿದರೆ ಯಾರ ತಲೆಯ ಮೇಲೆ ಬೀಳುತ್ತದೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. 5 ಕೆಜಿ ಅಕ್ಕಿ ಕೊಡುತ್ತೇವೆ ಅಂದರೆ ಅಕ್ಕಿಗೆ 30 ಇದ್ದರೂ 60 ಆದರೂ 5 ಕೆಜಿಯೇ, ಏರಿದ ಬೆಲೆ ಸರ್ಕಾರದ ಹೆಗಲಿಗೆ. 170 ರೂಪಾಯಿ ಕೊಡುತ್ತೇವೆ ಅಂದರೆ ಏರಿದ ಬೆಲೆ ಪೂರ್ತಿ ಆ ಮನೆಯ ಹೆಗಲಿಗೆ. ಇಥಿಯೋಪಿಯಾ 2005ರಲ್ಲಿ ಒಂದು ದೊಡ್ಡ ಯೋಜನೆ ಶುರು ಮಾಡಿತು, ಕೆಲವರಿಗೆ ಧಾನ್ಯ, ಕೆಲವರಿಗೆ ದುಡ್ಡು. ಮೊದಲು ದುಡ್ಡನ್ನು ಇಷ್ಟಪಟ್ಟವರು ಬಹಳ ಇದ್ದರು. 2007-08ರಲ್ಲಿ ಧಾನ್ಯದ ಬೆಲೆ ಜೋರಾಗಿ ಏರಿತು, ಅದೇ ದುಡ್ಡಿಗೆ ಸಿಗುವ ಧಾನ್ಯ ಕರಗಿ ಹೋಯಿತು, ಜನ ಧಾನ್ಯವೇ ಬೇಕು ಅನ್ನಲು ಶುರು ಮಾಡಿದರು. ಶ್ರೀಲಂಕಾದಲ್ಲಿ 1979ರಲ್ಲಿ ಹಳೆಯ ಅಕ್ಕಿ ರೇಷನ್ ತೆಗೆದು ಆಹಾರದ ಕೂಪನ್ ತಂದರು. ಕೂಪನ್ನಿನ ಮೇಲೆ ಬರೆದ ರೂಪಾಯಿ ಹಾಗೇ ಉಳಿಯಿತು, ಬೆಲೆ ಮಾತ್ರ ಏರಿತು, ಕೆಲವೇ ವರ್ಷಗಳಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಅರ್ಧವಾಯಿತು. ಇರಾನ್ 2010ರ ಡಿಸೆಂಬರಿನಲ್ಲಿ ಪೆಟ್ರೋಲು, ರೊಟ್ಟಿಯ ಸಬ್ಸಿಡಿ ಕಡಿಮೆ ಮಾಡಿ ಎಲ್ಲರ ಖಾತೆಗೆ ತಲೆಗೆ ತಿಂಗಳಿಗೆ 4,55,000 ರಿಯಾಲ್ ಹಾಕಲು ಶುರು ಮಾಡಿತು. ಆ ಕಾಲಕ್ಕೆ ಅದು 45 ಡಾಲರಿನಷ್ಟು. ಹತ್ತು ವರ್ಷದಲ್ಲಿ ಅದೇ ಮೊತ್ತ ಕೆಲವೇ ಡಾಲರಿಗೆ ಇಳಿದಿತ್ತು.

ದೂರದ ದೇಶ ಯಾಕೆ, ನಮ್ಮ ಪಾಸ್‌ಬುಕ್ಕನ್ನೇ ತೆಗೆದು ನೋಡಿ. 2015ರಿಂದ ಗ್ಯಾಸ್ ಸಿಲಿಂಡರಿಗೆ ಪೂರ್ತಿ ಬೆಲೆ ಕೊಟ್ಟು, ಸಬ್ಸಿಡಿ ಖಾತೆಗೆ ಬರುವ ಹಾಗೆ ಮಾಡಿದರು. ಚೆನ್ನಾಗಿಯೇ ನಡೆಯಿತು, ಕಳ್ಳ ಸಂಪರ್ಕಗಳೂ ಕಡಿಮೆಯಾದವು. 2020ರ ಮಧ್ಯದಲ್ಲಿ ಅಂತರರಾಷ್ಟ್ರೀಯ ಬೆಲೆ ಬಿದ್ದಾಗ ನಮ್ಮ ಖಾತೆಗೆ ಬರುವುದು ಸೊನ್ನೆಯಾಯಿತು. ಆಮೇಲೆ ಬೆಲೆ ಏರಿತು. ಸಬ್ಸಿಡಿ ಸಾಮಾನ್ಯ ಮನೆಗಳಿಗೆ ಮೊದಲಿನ ಹಾಗೆ ತಿರುಗಿ ಬರಲಿಲ್ಲ. ಉಜ್ವಲ ಸಂಪರ್ಕ ಇದ್ದವರಿಗೆ ಮಾತ್ರ 2022ರ ಮೇಯಿಂದ 200, 2023ರ ಅಕ್ಟೋಬರಿನಿಂದ 300 ರೂಪಾಯಿ. ಯಾರೂ ಬೀದಿಗೆ ಇಳಿಯಲಿಲ್ಲ, ಎಷ್ಟೋ ಜನರಿಗೆ ಅದು ನಿಂತದ್ದೇ ತಡವಾಗಿ ಗೊತ್ತಾಯಿತು. ಸೊಸೈಟಿಯಲ್ಲಿ ಅಕ್ಕಿ ಕೊಡುವುದು ಒಂದು ತಿಂಗಳು ನಿಲ್ಲಿಸಿದ್ದರೆ? ಮಾರನೇ ದಿನವೇ ಊರೆಲ್ಲ ಮಾತಾಡುತ್ತಿತ್ತು. ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ 2007ರಲ್ಲೂ 200 ರೂಪಾಯಿ, ಇವತ್ತಿಗೂ 200. ಆ 200ಕ್ಕೆ ಆಗ ಎಷ್ಟು ಬಂಗುಡೆ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಅಂತ ನಮ್ಮ ಅಮ್ಮನನ್ನು ಕೇಳಬೇಕು ನೀವು.

ದುಡ್ಡಿಗೆ ಇರುವ ಈ ಗುಣ, ಅಂದರೆ ಸದ್ದಿಲ್ಲದೆ ಸಣ್ಣದಾಗುವುದು, ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವ ವಿಷಯ. ವಸ್ತುವೂ ಸಣ್ಣದಾಗುವುದೇ ಇಲ್ಲ ಅಂತ ಹೇಳಲಾರೆ. ಈಜಿಪ್ಟಿನಲ್ಲಿ ರೇಷನ್ ರೊಟ್ಟಿಗೆ 1988ರಿಂದ 5 ಪಿಯಾಸ್ಟರ್ (ಅಲ್ಲಿನ ಪೈಸೆ), ಆ ಬೆಲೆ ಮುಟ್ಟಲು ಯಾರಿಗೂ ಧೈರ್ಯ ಇರಲಿಲ್ಲ, 1977ರಲ್ಲಿ ಬೆಲೆ ಏರಿಸಲು ಹೋಗಿ ದೊಡ್ಡ ಗಲಭೆಯೇ ಆಗಿತ್ತು. ಬೆಲೆಯ ಬದಲು ತೂಕ ಇಳಿಸಿದರು, 2020ರಲ್ಲಿ 110 ಗ್ರಾಂ ಇದ್ದ ರೊಟ್ಟಿ 90 ಗ್ರಾಂ ಆಯಿತು. ಕೊನೆಗೆ 2024ರ ಜೂನಿನಲ್ಲಿ ಬೆಲೆಯನ್ನು 20 ಪಿಯಾಸ್ಟರಿಗೆ ಏರಿಸಿದರು. ಆದರೆ 36 ವರ್ಷ ಒಂದು ಬೆಲೆ ನಿಂತಿತು ಅಂದರೆ ವಸ್ತುವಿನ ಮಾತಿಗೆ ಇರುವ ಗಟ್ಟಿತನ ಗೊತ್ತಾಗುತ್ತದೆ, ಆ ಗಟ್ಟಿತನಕ್ಕೆ ಸರ್ಕಾರದ ಬೊಕ್ಕಸ ಎಷ್ಟು ತೆತ್ತಿತು ಎಂಬುದೂ ಗೊತ್ತಾಗುತ್ತದೆ.

ಮೂರನೆಯದು ಸೋರಿಕೆ. ರೇಷನ್ ವಿರುದ್ಧ ಇರುವ ದೊಡ್ಡ ವಾದ ಇದೇ, ಅದರಲ್ಲಿ ಹುರುಳಿಲ್ಲ ಅನ್ನಲು ಸಾಧ್ಯವಿಲ್ಲ. 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ಗೋದಾಮಿನಿಂದ ಹೊರಟ ಧಾನ್ಯದಲ್ಲಿ ಸುಮಾರು ಶೇ 42 ಮನೆ ಸೇರಿರಲಿಲ್ಲ. ನೂರು ಚೀಲದಲ್ಲಿ ನಲವತ್ತೆರಡು! ಆದರೆ ಇದು ಅಕ್ಕಿಯ ಹಣೆಬರಹ ಅಂತ ಕೈಬಿಡಬೇಕಾಗಿಲ್ಲ. ಛತ್ತೀಸಗಢ 2004ರಿಂದ ರೇಷನ್ ಅಂಗಡಿಗಳನ್ನು ಖಾಸಗಿಯವರಿಂದ ತೆಗೆದು ಪಂಚಾಯತಿಗೆ, ಸಹಕಾರ ಸಂಘಕ್ಕೆ, ಮಹಿಳಾ ಗುಂಪುಗಳಿಗೆ ಕೊಟ್ಟಿತು, ಅಂಗಡಿಯ ಬಾಗಿಲಿಗೇ ಲಾರಿ ಕಳಿಸಿತು. 2004-05ರಲ್ಲಿ ಅರ್ಧದಷ್ಟು ಸೋರುತ್ತಿದ್ದದ್ದು 2009-10ರ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿಗೆ ಬಂತು. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಬಹಳ ಕಡೆ ರೇಷನ್ ಕೊಡುವುದು ಸಹಕಾರ ಸೊಸೈಟಿಯೇ. ಅಲ್ಲಿನ ನಿರ್ದೇಶಕರು ನಮ್ಮ ನೆಂಟರೋ ನೆರೆಯವರೋ ಆಗಿರುತ್ತಾರೆ, ಹೋಗಿ ಕೇಳಬಹುದು. ಇದು ನಮಗಿರುವ ದೊಡ್ಡ ಅನುಕೂಲ.

ಇಂಡೋನೇಷ್ಯಾದ ಕಥೆಯಂತೂ ನನಗೆ ಬಹಳ ಇಷ್ಟ. ಅಲ್ಲಿ ಬಡವರಿಗೆ ಕಡಿಮೆ ಬೆಲೆಯ ಅಕ್ಕಿ ಕೊಡುವ ರಸ್ಕಿನ್ ಎಂಬ ಯೋಜನೆ ಇತ್ತು. ಊರಿನ ಮುಖಂಡರು ಎಲ್ಲರಿಗೂ ಹಂಚಿಬಿಡುತ್ತಿದ್ದರು, ಬೆಲೆಯೂ ಜಾಸ್ತಿ ತೆಗೆದುಕೊಳ್ಳುತ್ತಿದ್ದರು, ನಿಜವಾದ ಬಡವರಿಗೆ ಸಿಗಬೇಕಾದ ಸಹಾಯದ ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತಿತ್ತು. ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಯವರು ಒಂದು ಸಣ್ಣ ಕೆಲಸ ಮಾಡಿ ನೋಡಿದರು. ನಿಮಗೆ ಇಷ್ಟು ಕೆಜಿ ಅಕ್ಕಿ, ಇಷ್ಟು ಬೆಲೆಗೆ ಸಿಗಬೇಕು ಅಂತ ಬರೆದ ಒಂದು ಕಾರ್ಡು, ಅಂಚೆಯಲ್ಲಿ, ಮನೆಗೆ. ಅಷ್ಟೇ. ಸಿಗುವ ಸಹಾಯ ಸುಮಾರು ಕಾಲು ಪಾಲು ಜಾಸ್ತಿಯಾಯಿತು. ಗೊತ್ತಿದ್ದವನು ಕೇಳುತ್ತಾನೆ, ಅಲ್ವಾ. ಮುಂದೆ ಆ ದೇಶ 2017ರಿಂದ ಅಕ್ಕಿಯ ಬದಲು ಕಾರ್ಡಿನ ಕೂಪನ್ ತಂದಿತು, ಬೇಕಾದ ಅಂಗಡಿಯಲ್ಲಿ ಅಕ್ಕಿ, ಮೊಟ್ಟೆ ತೆಗೆದುಕೊಳ್ಳಬಹುದು, ಅದರಿಂದ ಬಡವರ ಕೈಗೆ ಬರುವ ಪಾಲು ಇನ್ನೂ ಹೆಚ್ಚಿತು. ಅಕ್ಕಿಗೂ ದುಡ್ಡಿಗೂ ನಡುವೆ ಇಂಥ ಒಂದು ದಾರಿ ಉಂಟು ಎಂಬುದನ್ನು ನಾವು ಮರೆಯುತ್ತೇವೆ.

ದುಡ್ಡೂ ಸೋರುತ್ತದೆ, ಬೇರೆ ರೀತಿಯಲ್ಲಿ. ಆಧಾರ್ ಜೋಡಣೆ ತಪ್ಪಿದರೆ, ಬ್ಯಾಂಕ್ ವಿಲೀನವಾಗಿ ಖಾತೆಯ ವಿವರ ಬದಲಾದರೆ, ಕಂತು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಮೂರು ತಿಂಗಳ ಕಂತು ಒಟ್ಟಿಗೆ ಬಾಕಿಯಾದದ್ದೂ ಉಂಟು. ಬ್ಯಾಂಕಿನ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. 1928ರಲ್ಲೇ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಕಟ್ಟಿಸಿಕೊಂಡು ಮನೆ ಮನೆಗೆ ಹೋದ ಊರು ಇದು. ಬೀದರಿನ ಹಳ್ಳಿಯವರಿಗೆ ದುಡ್ಡು ತೆಗೆಯಲು ಎಷ್ಟು ದೂರವೋ ಇಲ್ಲಿ ಅಷ್ಟು ದೂರ ಇಲ್ಲ. ಹಾಗಾಗಿ ದುಡ್ಡಿನ ದಾರಿ ಕರಾವಳಿಯಲ್ಲಿ ಉಳಿದ ಕಡೆಗಿಂತ ಸಲೀಸು. ರೇಷನ್ ದಾರಿಯಲ್ಲಿ ಬೆರಳಚ್ಚಿನ ಕಷ್ಟ ಬೇರೆ. ವರ್ಷಗಟ್ಟಲೆ ಬೀಡಿ ಕಟ್ಟಿ, ಮೀನು ಕೊಯ್ದು ಸವೆದ ಬೆರಳು ಮೆಷಿನ್ನಿಗೆ ಗುರುತು ಸಿಗುವುದಿಲ್ಲ. ಪಕ್ಕದ ಮನೆಯ ಅಕ್ಕ ಒಂದು ತಿಂಗಳು ಮೂರು ಸಲ ನಡೆದು ಹೋಗಿ ಬರಿಗೈಯಲ್ಲಿ ಬಂದದ್ದನ್ನು ನಾನೇ ನೋಡಿದ್ದೇನೆ. ಒಂದು ದಿನ ಹೋದರೆ ಒಂದು ದಿನದ ಬೀಡಿ ಹೋಯಿತು.

ನಾಲ್ಕನೆಯದು ಮನೆಯೊಳಗೆ ಯಾರ ಕೈ. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಶುರುವಾದಾಗ ದುಡ್ಡು ರೇಷನ್ ಕಾರ್ಡಿನ ಯಜಮಾನಿಗೆ ಅಂದರು. ಯಜಮಾನಿ ಅಂದರೆ ಹೆಚ್ಚಿನ ಮನೆಯಲ್ಲಿ ಅತ್ತೆ. ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಇಳಿಯುವ ಅಳಿಯಸಂತಾನ ನಡೆದುಕೊಂಡು ಬಂದ ನಮ್ಮ ಮನೆಗಳಲ್ಲಿ ಹೆಂಗಸಿನ ಹೆಸರಲ್ಲಿ ಆಸ್ತಿ, ಯಜಮಾನಿಕೆ ಹೊಸತೇನಲ್ಲ, ಆದರೂ ಕಾರ್ಡು ಮಗನ ಜೇಬಲ್ಲಿ ಇದ್ದರೆ ಹೆಸರಿನಿಂದ ಏನು ಬಂತು. ಇಷ್ಟಾದರೂ ನಾನು ಈ ಯೋಜನೆಯ ಪರ. ಬೀಡಿಯ ಮಜೂರಿ ಬಿಟ್ಟರೆ ಬೇರೆ ದುಡ್ಡು ಕಂಡೇ ಇರದ ಹೆಂಗಸರ ಕೈಯಲ್ಲಿ ಕಣ್ಣಿಗೆ ಕನ್ನಡಕ, ಮಗಳಿಗೆ ಕಾಲೇಜು ಫೀಸು, ಮೊಬೈಲು ಬಂದದ್ದನ್ನು ನಮ್ಮ ಕೇರಿಯಲ್ಲೇ ಕಂಡಿದ್ದೇನೆ. ಅಕ್ಕಿಯಿಂದ ಕನ್ನಡಕ ಬರುವುದಿಲ್ಲ.

ಕುಚ್ಚಲಕ್ಕಿಯ ಮಾತು

ಇದು ಬೆಂಗಳೂರಿನಲ್ಲಿ ಕೂತವರಿಗೆ ಸಣ್ಣ ವಿಷಯ ಅನ್ನಿಸಬಹುದು. ನಮಗೆ ಸಣ್ಣದಲ್ಲ. ಸೊಸೈಟಿಯ ಬೆಳ್ತಿಗೆ ಅಕ್ಕಿಯನ್ನು ನಾವು ನೀರ್ ದೋಸೆಗೆ ಬಳಸುತ್ತೇವೆ, ಇಡ್ಲಿಗೆ ಬಳಸುತ್ತೇವೆ. ಐದು ಜನರ ಮನೆಗೆ ತಿಂಗಳಿಗೆ 50 ಕೆಜಿ ಬಂದರೆ ಎಷ್ಟು ದೋಸೆ ಮಾಡುವುದು ಮಾರಾಯ್ರೆ? ಉಳಿದದ್ದು ಕೋಳಿಗೆ ಹೋಗುತ್ತದೆ, ಇಲ್ಲವೇ ಅರ್ಧ ಬೆಲೆಗೆ ಯಾರಿಗೋ ಹೋಗುತ್ತದೆ. ಊಟದ ಕುಚ್ಚಲಕ್ಕಿಯನ್ನು ಮತ್ತೆ ಅಂಗಡಿಯಿಂದಲೇ ತರಬೇಕು. ಸರ್ಕಾರಕ್ಕೆ ಕೆಜಿಗೆ ಇಷ್ಟು ಅಂತ ಖರ್ಚಾಗುತ್ತದೆ, ನಮಗೆ ಅದರ ಬೆಲೆ ಅದಕ್ಕಿಂತ ಕಡಿಮೆ. ನಡುವಿನದ್ದು ಯಾರಿಗೂ ಸಿಗದೆ ಹೋಗುವ ದುಡ್ಡು. 34 ರೂಪಾಯಿ ಲೆಕ್ಕದಲ್ಲಿ ದುಡ್ಡು ಕೊಟ್ಟಾಗಲೂ ಆ ಬೆಲೆಗೆ ಇಲ್ಲಿ ಒಳ್ಳೆಯ ಕುಚ್ಚಲಕ್ಕಿ ಸಿಗುತ್ತಿರಲಿಲ್ಲ ಎಂಬುದೂ ನಿಜ, ಅರ್ಧವಾದರೂ ಸಿಗುತ್ತಿತ್ತು ಎಂಬುದೂ ನಿಜ.

ಆಗ ದುಡ್ಡು ಕೊಟ್ಟದ್ದು ಯೋಚನೆ ಮಾಡಿ ಆರಿಸಿದ್ದೂ ಅಲ್ಲ. 2023ರ ಜೂನಿನಲ್ಲಿ ಕೇಂದ್ರವು ಆಹಾರ ನಿಗಮದ ಅಕ್ಕಿಯನ್ನು ರಾಜ್ಯಗಳಿಗೆ ಮುಕ್ತ ಮಾರಾಟದಲ್ಲಿ ಕೊಡುವುದನ್ನು ನಿಲ್ಲಿಸಿತು, ಅಕ್ಕಿ ಸಿಗದೆ ದುಡ್ಡು ಕೊಟ್ಟರು. 2025ರ ಆರಂಭದಲ್ಲಿ ಕೆಜಿಗೆ 22.50ಕ್ಕೆ ಅಕ್ಕಿ ಸಿಗುವ ಹಾಗಾಯಿತು, ಮತ್ತೆ ಅಕ್ಕಿಗೆ ತಿರುಗಿದರು. 34 ಕೊಡುವ ಬದಲು 22.50ಕ್ಕೆ ಮುಗಿಯುತ್ತದೆ ಅಂದರೆ ಸರ್ಕಾರಕ್ಕೆ ಉಳಿತಾಯವೇ. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಪುಟ ಆ ಹೆಚ್ಚುವರಿ 5 ಕೆಜಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಒಪ್ಪಿತು. ನನಗೆ ಇದು ಅಕ್ಕಿಗಿಂತ ಒಳ್ಳೆಯದಾಗಿ ಕಾಣುತ್ತದೆ, ತೊಗರಿಬೇಳೆಗೆ ಕುಚ್ಚಲು, ಬೆಳ್ತಿಗೆ ಎಂಬ ಜಗಳ ಇಲ್ಲ. ಆದರೆ ಎಲ್ಲಕ್ಕಿಂತ ಸರಳವಾದದ್ದು ಇಲ್ಲೇ ಉಂಟು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ಯುವ ಹೊತ್ತಿಗೆ ಸರಿಯಾಗಿ ಖರೀದಿ ಕೇಂದ್ರ ತೆರೆದು, ಇಲ್ಲಿನ ಎಂಒ4, ಜ್ಯೋತಿ ಭತ್ತವನ್ನು ಕೊಂಡು, ಇಲ್ಲೇ ಕುಚ್ಚಿ, ಇಲ್ಲಿನ ಸೊಸೈಟಿಗೇ ಕೊಡುವುದು. ಈ ಬೇಡಿಕೆ ಬಹಳ ಹಳೆಯದು. ಗದ್ದೆಯನ್ನು ಬೆಳೆ ಇಲ್ಲದೆ ಹಡಿಲು ಬಿಡುವುದೂ ಸ್ವಲ್ಪ ನಿಲ್ಲುತ್ತದೆ.

ಬಸ್ಸಿನ ಲೆಕ್ಕ ಇಲ್ಲಿ ಬೇರೆ

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ದೆಹಲಿಯಲ್ಲಿ 2019ರಿಂದ, ತಮಿಳುನಾಡಿನಲ್ಲಿ 2021ರಿಂದ ಇಂಥದ್ದು ನಡೆಯುತ್ತಿದೆ. ಒಳ್ಳೆಯ ಯೋಜನೆ, ಮನೆಯಿಂದ ಹೊರಗೆ ಕಾಲಿಡುವ ಧೈರ್ಯವನ್ನೇ ಕೊಟ್ಟಿದೆ. ಮೈಸೂರಿನ, ಹಾಸನದ ನನ್ನ ಸ್ನೇಹಿತರ ಮನೆಯಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ ಅನ್ನುತ್ತಾರೆ.

ಈಗ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಂತುಕೊಳ್ಳಿ. ಸುರತ್ಕಲ್ಲಿಗೆ, ತಲಪಾಡಿಗೆ, ಮೂಡುಬಿದಿರೆಗೆ ಹೊರಡುವ ಬಸ್ಸುಗಳನ್ನು ಎಣಿಸಿ. ಹೆಚ್ಚಿನವು ಖಾಸಗಿ. ಮಂಗಳೂರು, ಉಡುಪಿ, ಕುಂದಾಪುರದ ಸಾಲಿನಲ್ಲೂ ಹಾಗೇ. ಕೆನರಾ ಪಬ್ಲಿಕ್ ಕನ್ವೆಯನ್ಸ್ 1914ರಲ್ಲೇ ಇಲ್ಲಿ ಬಸ್ಸು ಓಡಿಸಲು ಶುರು ಮಾಡಿತ್ತು. ಅಂದಿನಿಂದ ನಮ್ಮ ಊರು ಖಾಸಗಿ ಬಸ್ಸಿನ ಊರು. ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆ ಸರ್ಕಾರಿ ಬಸ್ಸು ಜಾಸ್ತಿ, ಅಲ್ಲಿಯವರಿಗೆ ಶಕ್ತಿ ಸಿಕ್ಕಿತು. ಮಲ್ಪೆಯಿಂದ ಉಡುಪಿಗೆ ಮೀನಿನ ಬುಟ್ಟಿ ಹಿಡಿದು ಬರುವವರಿಗೆ, ಸುರತ್ಕಲ್ಲಿನಿಂದ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಬರುವ ಹುಡುಗಿಗೆ ದಿನಾ ಟಿಕೆಟ್ಟೇ. ತೆರಿಗೆ ಅವಳೂ ಕಟ್ಟುತ್ತಾಳೆ, ಸೋಪಿಗೆ, ಎಣ್ಣೆಗೆ, ಮೊಬೈಲ್ ರೀಚಾರ್ಜಿಗೆ.

ಸೇವೆ ಕೊಡುವ ಯೋಜನೆಯ ಮೂಲ ಸಮಸ್ಯೆ ಇದೇ. ಆ ಸೇವೆ ಇರುವ ಕಡೆ ಮಾತ್ರ ಅದು ಸಿಗುತ್ತದೆ. ನಮಗೆ ಮೂರು ದಾರಿ. ಸರ್ಕಾರಿ ಬಸ್ಸು ಹೆಚ್ಚಿಸುವುದು, ಆದರೆ ಪರ್ಮಿಟ್ಟು, ಡ್ರೈವರು, ಡಿಪೋ ಎಲ್ಲಾ ಸೇರಿ ವರ್ಷಗಳ ಕೆಲಸ. ಖಾಸಗಿ ಬಸ್ಸಿಗೂ ಟಿಕೆಟ್ ಲೆಕ್ಕದಲ್ಲಿ ದುಡ್ಡು ತುಂಬುವುದು, ಈ ಬೇಡಿಕೆ ಬಂದಿದೆ, ಆದರೆ ಹತ್ತಿದವರ ಲೆಕ್ಕ ಯಾರು ಇಡುವುದು? ಮೂರನೆಯದು ಹೆಂಗಸರಿಗೆ ಒಂದು ಪ್ರಯಾಣ ಕಾರ್ಡು ಕೊಟ್ಟು ಅದಕ್ಕೆ ತಿಂಗಳಿಗೆ ಇಷ್ಟು ಅಂತ ತುಂಬುವುದು, ಯಾವ ಬಸ್ಸಲ್ಲಿ ಬೇಕಾದರೂ ಉಪಯೋಗಿಸಲಿ. ಇಲ್ಲಿನ ಸಿಟಿ ಬಸ್ಸುಗಳಲ್ಲಿ ಮೊದಲೇ ದುಡ್ಡು ತುಂಬಿಸಿಡುವ ಚಲೋ ಕಾರ್ಡು ಬಂದು ಕೆಲವು ವರ್ಷವೇ ಆಯಿತು, ಜನರಿಗೆ ಕಾರ್ಡು ಮುಟ್ಟಿಸುವ ಅಭ್ಯಾಸ ಇದೆ. ನನ್ನ ಆಯ್ಕೆ ಇದು. ಕಾರ್ಡಿಗೆ ಮೇಲ್ಮಿತಿ ಇರುವುದರಿಂದ ಖರ್ಚೂ ಹದ್ದಿನಲ್ಲಿ ಇರುತ್ತದೆ, ಮುಟ್ಟಿಸಿದ ಕಡೆ ದಾಖಲೆಯೂ ಉಳಿಯುತ್ತದೆ.

ಕರೆಂಟು, ಕೆಲಸ

ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅಂದರೂ ಸಿಗುವುದು 2022-23ರ ನಿಮ್ಮ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ 40-50 ಯೂನಿಟ್, ಫ್ರಿಜ್ಜು, ಗೀಸರು ಇರುವ ನನ್ನ ಮನೆಗೆ 160. ಅಂದರೆ ನನಗೆ ಮೂರು ಪಾಲು. ಇದು ಸರಿಯಲ್ಲ ಅಂತ ನನಗೆ ಮೆಸ್ಕಾಂ ಬಿಲ್ಲು ಬಂದಾಗಲೆಲ್ಲ ಅನ್ನಿಸುತ್ತದೆ. ಎಲ್ಲರಿಗೂ ಮೊದಲ 75 ಯೂನಿಟ್ ಫ್ರೀ, ಮೇಲಿನದ್ದಕ್ಕೆ ಬಿಲ್ಲು ಅಂದಿದ್ದರೆ ಬಡವರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಪೆಟ್ರೋಲು, ಕರೆಂಟಿನ ಸಬ್ಸಿಡಿಯಲ್ಲಿ ಎಲ್ಲ ದೇಶದಲ್ಲೂ ಇದೇ ತೊಂದರೆ, ಜಾಸ್ತಿ ಉರಿಸುವವನಿಗೆ ಜಾಸ್ತಿ.

ಉದ್ಯೋಗ ಖಾತ್ರಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2025-26ರಲ್ಲಿ ನಮ್ಮ ರಾಜ್ಯಕ್ಕೆ ದಿನಕ್ಕೆ 370 ರೂಪಾಯಿ ಕೂಲಿ. ಅಡಿಕೆ ತೋಟದ ಕೆಲಸಕ್ಕೆ ಇಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಾರೆ, ಹಾಗಾಗಿ ಗಂಡಸರು ಹೋಗುವುದು ಕಡಿಮೆ. ಮನೆ ಹತ್ತಿರವೇ ಕೆಲಸ ಬೇಕಾದ ಹೆಂಗಸರಿಗೆ, ಸ್ವಂತ ಜಾಗದಲ್ಲಿ ಬಾವಿ, ದನದ ಹಟ್ಟಿ ಮಾಡಿಸಿಕೊಳ್ಳುವವರಿಗೆ ಇದು ಇಲ್ಲಿ ಉಪಯೋಗವಾಗಿದೆ. 2025ರ ಕೊನೆಗೆ ಸಂಸತ್ತು ಹೊಸ ಕಾನೂನು ಮಾಡಿ ದಿನಗಳನ್ನು 125ಕ್ಕೆ ಏರಿಸಿತು, ಖರ್ಚಿನಲ್ಲಿ ರಾಜ್ಯದ ಪಾಲು ಶೇ 40 ಅಂತಲೂ ಮಾಡಿತು. ಆ 40 ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಮಾತು.

ದುಡ್ಡು ಬರುವ ದಾರಿ

2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ 51,034 ಕೋಟಿ, ಎಂಟರಲ್ಲಿ ಒಂದು ಪಾಲು. ಇದು ದಂಡ ಅಂತ ನಾನು ಹೇಳುವುದಿಲ್ಲ, ಬಡವರ ಮನೆಗೆ ಹೋದ ದುಡ್ಡು ಇಲ್ಲಿನ ಅಂಗಡಿಗೇ ತಿರುಗಿ ಬರುತ್ತದೆ. ಆದರೆ ಬರುವ ದಾರಿಯನ್ನೂ ನೋಡಬೇಕು. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದದ್ದು ಪೆಟ್ರೋಲು ಡೀಸೆಲ್, ಮದ್ಯ, ನೋಂದಣಿ, ವಾಹನ ತೆರಿಗೆ, ಮುಖ್ಯವಾಗಿ ಇವೇ. ಜಿಎಸ್‌ಟಿ ಪರಿಹಾರ 2022ರ ಜೂನಿಗೆ ಮುಗಿಯಿತು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತು. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ಸಾಲಕ್ಕೂ ಮಿತಿ ಉಂಟು, ರಾಜ್ಯದ ಉತ್ಪನ್ನದ ಶೇ 3ರೊಳಗೆ ಕೊರತೆ ಇರಬೇಕು. ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದೇ.

ಹಾಗಾಗಿ 2024ರ ಜೂನಿನಲ್ಲಿ ಪೆಟ್ರೋಲು ಡೀಸೆಲ್ ಮೇಲೆ ಲೀಟರಿಗೆ ಮೂರು ರೂಪಾಯಿ ಆಸುಪಾಸು ಏರಿಸಿದರು, 2025ರ ಏಪ್ರಿಲಿನಲ್ಲಿ ಡೀಸೆಲಿಗೆ ಮತ್ತೆ ಎರಡು. ಅದು ಖಾಸಗಿ ಬಸ್ಸಿನ ಖರ್ಚಿಗೆ ಬಂತು, ಘಟ್ಟದ ಮೇಲಿನಿಂದ ಬರುವ ತರಕಾರಿಗೆ ಬಂತು. ಮೈಸೂರಿನ ಹೆಂಗಸಿಗೆ ಬಸ್ಸು ಫ್ರೀ ಆಗಿ ಡೀಸೆಲ್ ಏರಿದರೆ ಅವಳಿಗೆ ಒಟ್ಟಿನಲ್ಲಿ ಲಾಭ. ಸುರತ್ಕಲ್ಲಿನ ಹುಡುಗಿಗೆ ಬಸ್ಸೂ ಫ್ರೀ ಇಲ್ಲ, ಡೀಸೆಲೂ ಏರಿತು. ಯೋಜನೆಗಳನ್ನು ಹೋಲಿಸುವಾಗ ಕೊಟ್ಟದ್ದನ್ನು ಮಾತ್ರ ನೋಡದೆ ಅದಕ್ಕೆ ಎಲ್ಲಿಂದ ತೆಗೆದರು ಅಂತಲೂ ನೋಡಿ ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ನಾನು ಆರಿಸುವುದಾದರೆ

ಪೇಟೆಯ ಮನೆಗಳಿಗೆ, ಬ್ಯಾಂಕು ಅಂಗಡಿ ಹತ್ತಿರ ಇರುವವರಿಗೆ, ಹೆಚ್ಚುವರಿ ಅಕ್ಕಿಯ ಬದಲು ದುಡ್ಡು ಅಥವಾ ಕಾರ್ಡಿನ ಕೂಪನ್. ಆದರೆ ಮೊತ್ತವನ್ನು ವರ್ಷಕ್ಕೊಮ್ಮೆ ಬೆಲೆಯ ಜೊತೆ ಏರಿಸುವ ಮಾತು ಆದೇಶದಲ್ಲೇ ಬರೆದಿರಬೇಕು, ಬರೆದಿಲ್ಲ ಅಂದರೆ ನನಗೆ ಅಕ್ಕಿಯೇ ಇರಲಿ. ಘಟ್ಟದ ಬುಡದವರಿಗೆ, ಕೊರಗರ ಕಾಲೊನಿಗಳಿಗೆ, ಮಳೆಗಾಲದಲ್ಲಿ ದಾರಿ ಕಡಿದು ಹೋಗುವ ಕಡೆ ವಸ್ತುವೇ ಸರಿ, ಅದೂ ಬೇಳೆ, ಮೊಟ್ಟೆ ಸೇರಿಸಿ. ಮಲ್ಪೆಯ ದೋಣಿಯಲ್ಲಿ, ಮಂಗಳೂರಿನ ಕಟ್ಟಡದಲ್ಲಿ ದುಡಿಯುವ ಹೊರಗಿನವರಿಗೆ ಯಾವ ಊರಲ್ಲಾದರೂ ನಡೆಯುವ ರೇಷನ್ ಕಾರ್ಡು. ಮೂಲದ 5 ಕೆಜಿಯನ್ನು ಯಾರೂ ಮುಟ್ಟಬಾರದು, 2013ರ ಆಹಾರ ಭದ್ರತೆ ಕಾನೂನಿನಲ್ಲಿ ಅದು ಹಕ್ಕಾಗಿ ಬಂದಿದೆ. ಎಟಿಎಂ ಕಾರ್ಡು ಗಂಡನ ಹತ್ತಿರ ಇರುವ ಮನೆಯವರಿಗೆ ಅಕ್ಕಿಯಾ ದುಡ್ಡಾ ಅಂತ ವರ್ಷಕ್ಕೊಮ್ಮೆ ಹೆಂಗಸರೇ ಆರಿಸುವ ಅವಕಾಶ ಸೊಸೈಟಿಯಲ್ಲಿ ಕೊಟ್ಟರೆ, ಪಕ್ಕದ ಮನೆಯ ಅಕ್ಕ ಅಕ್ಕಿ ಬರೆಸುತ್ತಾರೆ, ನಮ್ಮ ಅಮ್ಮ ದುಡ್ಡು ಬರೆಸುತ್ತಾರೆ, ಇಬ್ಬರಿಗೂ ನೆಮ್ಮದಿ.

ಈ ಸಲದ ಗ್ರಾಮಸಭೆಗೆ ನಾನು ಎರಡು ಬೇಡಿಕೆ ಬರೆದಿಟ್ಟಿದ್ದೇನೆ. ಸೊಸೈಟಿಗೆ ಇಲ್ಲಿನದ್ದೇ ಕುಚ್ಚಲಕ್ಕಿ, ಮತ್ತು ಬೆಲೆಯ ಜೊತೆ ಏರುವ ಪಿಂಚಣಿ. ನಿನ್ನೆ ಆ ಅಕ್ಕನಿಗೆ ಓದಿ ಹೇಳಿದೆ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಬಸ್ಸಿನದ್ದೂ ಬರೆಯಿರಿ, ಹೋಗಿ ಬರಲಿಕ್ಕೆ ದಿನಕ್ಕೆ ಎಷ್ಟಾಗ್ತದೆ ಅಂತ ನಾನು ಹೇಳ್ತೇನೆ, ಆ ಲೆಕ್ಕವನ್ನೂ ಹಾಕಿ ಅಂದರು. ಹಾಕಿದ್ದೇನೆ.